ಹಿಮ ಕಂಡ ಕಾರು, ಮಳೆ ಕಂಡ ನಾನು

ತೊಂಬತ್ತರ ದಶಕದ ನಡುವಿನಲ್ಲಿ ನಾನು ಬಹರೈನಿನ ಗುದೈಬಿಯಾದಲ್ಲಿ ಒಂದು ಬಾಡಿಗೆ ಫ್ಲ್ಯಾಟಿನ ಮೂರನೇ ಒಂದು ಪಾಲಿಗೂ, ಒಂದು ಕೆಂಪು ಸ್ಪೋರ್ಟ್ಸ್ ಕಾರಿಗೆ ಪೂರ್ತಿಯಾಗಿಯೂ ಒಡೆಯನಾಗಿದ್ದೆ. ಕಾರಿನ ಸೀಟಿಗೂ ರಸ್ತೆಗೂ ನಡುವೆ ಒಂದು ಗೇಣು ಅಂತರ. ಊರಿಗೆ ಮರಳುತ್ತಿದ್ದ ಸ್ವೀಡನ್ನಿನ ಎಂಜಿನಿಯರೊಬ್ಬ ಅದನ್ನು ನನಗೆ ಮಾರುವಾಗ, "ನಾಲ್ಕು ಚಳಿಗಾಲ ನಮ್ಮ ಹಿಮದಲ್ಲಿ ಓಡಿದೆ, ಒಂದು ದಿನವೂ ಕೈಕೊಟ್ಟಿಲ್ಲ" ಎಂದಿದ್ದ. ನಾನು ಮಂಗಳೂರಿನ ಮಳೆಯಲ್ಲಿ ಬೆಳೆದವನು. ಹವಾಮಾನದ ಮಟ್ಟಿಗೆ ಕಾರಿನದೂ ನನ್ನದೂ ಒಳ್ಳೆಯ ಮನೆತನ.

ಆ ಜನವರಿಯಲ್ಲಿ ಊರಿನಲ್ಲಿ ನನಗೊಂದು ಸಂಬಂಧ ನೋಡಿದ್ದರು. ಗಲ್ಫಿನ ಹುಡುಗರನ್ನು ಫೋಟೋ ನೋಡಿ ನಂಬಬಾರದೆಂಬುದನ್ನು ನಮ್ಮ ಕರಾವಳಿಯವರು ಅನುಭವದಿಂದ ಕಲಿತಿದ್ದರು. ಹಾಗಾಗಿ ಹೆಣ್ಣಿನ ಕಡೆಯವರು ಯಾರಾದರೂ ಅಲ್ಲೇ ಇದ್ದರೆ, ಅವರು ಹುಡುಗನ ರೂಮಿಗೆ ಹೋಗಿ ಪರಾಂಬರಿಸಿ, ಊರಿಗೆ ಫೋನು ಮಾಡುವುದು ರೂಢಿ. ನನ್ನನ್ನು ಪರಾಂಬರಿಸಲು ನೇಮಕವಾದವರು ಹುಡುಗಿಯ ಸೋದರಮಾವ, ಬಹರೈನಿನದೇ ಹಮದ್ ಟೌನಿನಲ್ಲಿದ್ದವರು. 'ಆಗಬಹುದು', 'ಬೇಡ', ಇವೆರಡರಲ್ಲಿ ಒಂದನ್ನು ಅವರು ನನ್ನನ್ನು ನೋಡಿದ ದಿನ ಸಂಜೆಯೇ ಊರಿಗೆ ಹೇಳಬೇಕಿತ್ತು. ಹುಡುಗಿಯ ಫೋಟೋ ನೋಡಿದ ಮೇಲೆ ನನಗೆ ಎರಡನೆಯ ಪದ ಕನ್ನಡಕ್ಕೆ ಅಗತ್ಯವೇ ಇಲ್ಲ ಅನಿಸಿತ್ತು.

ಶುಕ್ರವಾರ ಮಧ್ಯಾಹ್ನ ಟ್ಯಾಕ್ಸಿಯಲ್ಲಿ ಬಂದರು. ಅಡುಗೆಮನೆ ನೋಡಿದರು, ಬಚ್ಚಲು ನೋಡಿದರು, ಬಗ್ಗಿ ಮಂಚದ ಅಡಿಯನ್ನೂ ನೋಡಿದರು. ಅಲ್ಲಿ ನನ್ನ ಚಪ್ಪಲಿ ಬಿಟ್ಟು ಬೇರೇನೂ ಇರಲಿಲ್ಲ. ಇದ್ದದ್ದನ್ನೆಲ್ಲ ಬೆಳಿಗ್ಗೆಯೇ ಪಕ್ಕದ ಫ್ಲ್ಯಾಟಿಗೆ ಸಾಗಿಸಿದ್ದೆ. ಮೀನುಸಾರಿನಲ್ಲಿ ಊಟ ಮುಗಿಯುವಾಗ ಮಳೆ ಬಂತು. ಅರ್ಧ ಗಂಟೆ ಸುರಿದು ನಿಂತಿತು. ನಾನೇ ಮನೆಗೆ ಬಿಡುತ್ತೇನೆಂದೆ.

ಕಾರಿನ ಮುಂದೆ ಅವರು ಸ್ವಲ್ಪ ಹೊತ್ತು ನಿಂತರು. ಮೊದಲು ತಲೆ ತೂರಿಸಿದರು, ಹಿಂದೆ ತೆಗೆದರು, ಕಾಲು ಹಾಕಿದರು, ಅದನ್ನೂ ತೆಗೆದರು.

"ಇದರಲ್ಲಿ ಕೂತುಕೊಳ್ಳುವುದಾ, ಮಲಗುವುದಾ ಮಾರಾಯ್ರೆ?"

"ಅಭ್ಯಾಸ ಆಗ್ತದೆ."

"ಮದುಮಗಳು ಸೀರೆ ಉಟ್ಟು ಇದಕ್ಕೆ ಇಳಿಯುವುದು ಹೇಗೆ? ಏಣಿ ಉಂಟಾ?"

ಮದುಮಗಳು ಎಂಬ ಮಾತು ಕೇಳಿ ನನಗೆ ಆಸೆ ಹುಟ್ಟಿತು.

ಹಮದ್ ಟೌನಿನ ಒಂದು ರೌಂಡ್‌ಅಬೌಟಿನ ಸುತ್ತ ನೀರು ಕನ್ನಡಿಯ ಹಾಗೆ ನಿಂತಿತ್ತು. ಕಾರು ನಿಲ್ಲಿಸಿದೆ.

"ಹೋಗ್ಬಹುದಾ?" ಎಂದರು.

"ನಿಂತ ನೀರು ಅಲ್ವಾ. ಹರಿಯುವುದಾದರೆ ಯೋಚನೆ ಮಾಡ್ಬೇಕಿತ್ತು."

"ಅದೂ ಹೌದು" ಎಂದು ಅವರೂ ಒಪ್ಪಿದರು.

ಮಂಗಳೂರಿನ ಇಳಿಜಾರುಗಳಲ್ಲಿ ಅಪಾಯದ ನೀರೆಲ್ಲ ಹರಿದು ಹೋಗುತ್ತದೆ. ಹಿಂದೆ ಉಳಿಯುವುದು ಪಾದ ಮುಳುಗುವಷ್ಟು. ಬಹರೈನಿನಲ್ಲಿ ಇಳಿಜಾರೂ ಇಲ್ಲ, ಚರಂಡಿಯೂ ಇಲ್ಲ. ಬಿದ್ದ ಮಳೆ ಟ್ಯಾಂಕರ್ ಬಂದು ಹೀರುವ ತನಕ ಬಿದ್ದಲ್ಲೇ ವಾಸ. ಇಬ್ಬರು ಕರಾವಳಿಯ ತಜ್ಞರು ಚರ್ಚಿಸಿ, ಒಮ್ಮತಕ್ಕೆ ಬಂದು, ನೀರಿಗೆ ಇಳಿದೆವು. ನಡುಮಧ್ಯದಲ್ಲಿ ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಬಾಗಿಲ ಸಂದಿಯಿಂದ ನೀರು ಒಳಗೆ ಬಂದು ಸೀಟಿನ ತನಕ ಏರಿತು. ಪಕ್ಕದಲ್ಲಿ ಹೋದ ಪಿಕಪ್ಪಿನ ಬಹರೈನಿ ಚಾಲಕ ವೇಗ ತಗ್ಗಿಸಿ, "ಗಾಡಿ ಬಹುತ್ ನೀಚೆ, ಸದೀಕ್!" ಎಂದು, ಗಾಡಿ ತೀರಾ ತಗ್ಗು ಗೆಳೆಯಾ ಎಂಬುದನ್ನು ಅರಬರ ಹಿಂದಿಯಲ್ಲಿ ಸ್ನೇಹದಿಂದ ತಿಳಿಸಿ, ಎಬ್ಬಿಸಿದ ಅಲೆಯನ್ನು ನಮಗೆ ಬಿಟ್ಟು ಮುಂದೆ ಹೋದ.

ಇಬ್ಬರೂ ಇಳಿದು ಪ್ಯಾಂಟು ಮಡಚಿ ತಳ್ಳಿದೆವು. ಉತ್ತರದ ಗಾಳಿ ಕೊರೆಯುತ್ತಿತ್ತು. ಸೋದರಮಾವ ತುಳುವಿನಲ್ಲಿ ಕಾರಿಗೆ ಬೈದರು, ರಸ್ತೆ ಮಾಡಿದವರಿಗೆ ಬೈದರು, ಸ್ವೀಡನ್ನಿಗೂ ಬೈದರು. ನಾನು ತುಟಿ ಬಿಚ್ಚಲಿಲ್ಲ. ಬೈಗುಳ ಬೇಕಾದಷ್ಟು ಒದಗಿ ಬಂದಿದ್ದವು. ಆದರೆ ಚಳಿಗೆ ದವಡೆ ಕಚ್ಚಿಕೊಂಡಿದ್ದರಿಂದ ಅವು ಹೊರಬರಲು ದಾರಿ ಇರಲಿಲ್ಲ.

ಅವರ ಮನೆಯಲ್ಲಿ, ಅವರದೇ ಲುಂಗಿ ಉಟ್ಟು ಚಹಾ ಹಿಡಿದು ಕೂತೆ. ಅವರು ನನ್ನೆದುರೇ ಊರಿಗೆ ಫೋನು ಹಚ್ಚಿದರು.

"ಅಕ್ಕಾ, ನೋಡಿ ಆಯ್ತು. ಕಾರಿನ ವಿಷಯದಲ್ಲಿ ಬುದ್ಧಿ ಕಮ್ಮಿ. ಆದರೆ ಗಾಡಿ ನೀರಲ್ಲಿ ಕೆಟ್ಟು ನಿಂತಾಗ ನಾನೇ ಬಾಯಿಗೆ ಬಂದ ಹಾಗೆ ಬೈದೆ, ಹುಡುಗ ಒಂದು ಕೆಟ್ಟ ಮಾತು ಆಡಲಿಲ್ಲ. ಭಾರೀ ತಾಳ್ಮೆ. ಆಗಬಹುದು."

ಚಹಾದ ಬಿಸಿಗೆ ದವಡೆ ಆಗಲೇ ಬಿಟ್ಟುಕೊಂಡಿತ್ತು, ಅವರ ಮಾತನ್ನು ತಿದ್ದಬಹುದಿತ್ತು. ತಿದ್ದಲಿಲ್ಲ. ಹೆಂಡತಿ ಆ ಮಾತನ್ನು ನಂಬಿಯೇ ವಿಮಾನ ಹತ್ತಿದಳು. ಅಂದಿನಿಂದ ಮನೆಯಲ್ಲಿ ತಾಳ್ಮೆಯ ಮನುಷ್ಯನಾಗಿ ನಡೆದುಕೊಳ್ಳುತ್ತ ಬಂದಿದ್ದೇನೆ. ಕಷ್ಟದ ಕೆಲಸ.