ಅವಳ ಗುಳ್ಳೆ, ನನ್ನ ಗುಳ್ಳೆ

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದರಲ್ಲಿ ಮುಚ್ಚುಮರೆ ಏನಿಲ್ಲ. ಬಸವೇಶ್ವರನಗರದ ಒಂದೇ ಮನೆಗೆ ನಾವಿಬ್ಬರು ಸೊಸೆಯರು. ಇಬ್ಬರಿಗೂ ಮೂಗಿನ ಅಕ್ಕಪಕ್ಕ, ಕೆನ್ನೆಯ ಮೇಲೆ ಸಾಸಿವೆಯಂಥ ಗುಳ್ಳೆಗಳು. ತರಕಾರಿ ಅಂಗಡಿಯವನು, "ಅಕ್ಕ ತಂಗೀರಾ ಆಂಟಿ?" ಎಂದು ಕೇಳಿದ್ದ. ಆದರೆ ನೆಂಟರ ಬಾಯಲ್ಲಿ ಅವಳದು ಲಕ್ಷಣವಾದ ಮುಖ. ನನಗೆ ಮಾತ್ರ ಕಡಲೆಹಿಟ್ಟು ಹಚ್ಚಿಕೋ ಎಂಬ ಬುದ್ಧಿವಾದ.

ಕೊನೆಗೆ ಅತ್ತೆ ಇಬ್ಬರನ್ನೂ ವಿಜಯನಗರದ ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ನನ್ನ ಪುಟ್ಟ ಮಗಳು ಓರಗಿತ್ತಿಯ ಸೊಂಟದ ಮೇಲಿದ್ದಳು. ನಾನು ಕೆಲಸಕ್ಕೆ ಹೋದಾಗ ಅವಳನ್ನು ನೋಡಿಕೊಳ್ಳುವವಳು ಇವಳೇ. "ಒಂದೇ ಮುಲಾಮು ಬರೀರಿ, ಇಬ್ರೂ ಹಚ್ಕೊಳ್ತಾರೆ," ಎಂದರು ಅತ್ತೆ.

ಡಾಕ್ಟರಮ್ಮ ಇಬ್ಬರ ಮುಖದಿಂದಲೂ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಮುಂದಿನ ವಾರ ಎಲ್ಲರೂ ಮತ್ತೆ ಹೋದಾಗ ಮೊದಲು ಅವಳಿಗೆ ಹೇಳಿದರು: "ನಿಮ್ಮದು ಕೂದಲ ಬುಡದ ಗಂಟುಗಳು. ಅಪರೂಪದ್ದು, ಆದ್ರೆ ಚರ್ಮ ಬಿಟ್ಟು ಒಳಗೆ ಹೋಗಲ್ಲ." ನನಗೆ ಚಪ್ಪಲಿ ಬಿಚ್ಚಲು ಹೇಳಿದರು. ಕಾಲುಗುರಿನ ಅಂಚಿನ ಮಾಂಸದ ಕುಡಿಯನ್ನು ನಾನು ಚಪ್ಪಲಿ ಕಚ್ಚಿದ್ದು ಅಂದುಕೊಂಡಿದ್ದೆ. "ನಿಮ್ಮದು ಬೇರೆ. ಟ್ಯೂಬರಸ್ ಸ್ಕ್ಲೆರೋಸಿಸ್ ಅಂತ. ಕಿಡ್ನಿ, ಮಿದುಳಲ್ಲೂ ಗಂಟಾಗಬಹುದು. ಮಕ್ಕಳಿಗೂ ಬರಬಹುದು. ಮಗು ಮೈಮೇಲೆ ಬಿಳಿ ಮಚ್ಚೆ ಇದೆಯಾ?"

ಅತ್ತೆಯ ಮುಖ ಅರಳಿತು. ಮಗುವಿನ ಅಂಗಿ ಎತ್ತಿ, "ಐತ್ರೀ ಡಾಕ್ಟ್ರೇ! ಬೆನ್ನ ಮ್ಯಾಲೆ ಬಿಲ್ವದೆಲೆ! ಶಿವ ಕೊಟ್ಟಿದ್ದು. ಇವಳ ಮಗನಿಗಿಲ್ಲ ನೋಡ್ರಿ," ಎಂದು ಓರಗಿತ್ತಿಯನ್ನು ತೋರಿಸಿದರು. ಆ ಮನೆಯಲ್ಲಿ ನಾನು ಬೀಗುತ್ತಿದ್ದದ್ದು ಆ ಒಂದು ಮಚ್ಚೆಗೆ. ಡಾಕ್ಟರಮ್ಮ ದೀಪ ಹಿಡಿದು ಅದನ್ನು ನೋಡಿದರು.

ಅಯ್ಯೋ ಶಿವನೇ, ರೋಗದಲ್ಲೂ ಒಳ್ಳೆಯದು ಅವಳ ಪಾಲಿಗೇ ಬರಬೇಕಾ! ಅವಳ ಮುಖದಲ್ಲಿರುವ ಒಂದೊಂದು ಗುಳ್ಳೆಯೂ ನನಗೆ ಬೇಕೆನ್ನಿಸಿತು. ಅಷ್ಟು ಉರಿದುಹೋದೆ.

"ಮಗು ನಿದ್ದೆಯಿಂದ ಎದ್ದ ತಕ್ಷಣ ಮೇಲಿಂದ ಮೇಲೆ ಬೆಚ್ಚಿ ಬೀಳುತ್ತಾ? ಈ ರೋಗದಲ್ಲಿ ಮಕ್ಕಳಿಗೆ ಫಿಟ್ಸ್ ಹಾಗೂ ಬರುತ್ತೆ." ಡಾಕ್ಟರಮ್ಮ ನನ್ನನ್ನು ಕೇಳಿದರು.

"ಇಲ್ವೇ ಇಲ್ಲ ಡಾಕ್ಟ್ರೇ. ನನ್ನ ಮಗಳು ನನಗೆ ಗೊತ್ತಿಲ್ವಾ?"

ಓರಗಿತ್ತಿ ಮಗುವನ್ನು ಎದೆಗೆ ಅವುಚಿಕೊಂಡಳು. "ಬೀಳ್ತಾಳೆ ಡಾಕ್ಟ್ರೇ, ಮಧ್ಯಾಹ್ನ ಮಲಗಿ ಎದ್ದಾಗ. ಹಲ್ಲು ಬರ್ತಿರೋದಕ್ಕೆ ಅಂದ್ಕೊಂಡಿದ್ದೆ ಅಕ್ಕ," ಎಂದಳು, ನನ್ನ ಮುಖ ನೋಡದೆ.

ಆಮೇಲಿನ ಪ್ರಶ್ನೆಗಳನ್ನೆಲ್ಲ ಡಾಕ್ಟರಮ್ಮ ಅವಳನ್ನೇ ಕೇಳಿದರು.