ಅಡುಗೆಮನೆಯ ಭಂಡಾರ

ಲಕ್ಕಪ್ಪ, ನಿನ್ನ ಅಣ್ಣ ಎತ್ತಿ ಆಣೆ ಮಾಡಿದ ಆ ಭಂಡಾರ ಬೀರದೇವರ ಗುಡಿಯದಾಗಿರಲಿಲ್ಲ. ನಮ್ಮ ಅಡುಗೆಮನೆಯದು. ಪಲ್ಯಕ್ಕೆ ಹಾಕುವ ಅರಿಶಿಣ — ನನ್ನ ಹೆಂಡತಿ ಪದ್ಮವ್ವ ಕುಟ್ಟಿ ಡಬ್ಬಿಯಲ್ಲಿ ತುಂಬಿಟ್ಟಿದ್ದು. ಅದನ್ನೇ ಹಳೆಯ ಪೇಪರಿನಲ್ಲಿ ಕಟ್ಟಿಕೊಂಡು ಹೋಗಿ ನಾನು ದೇವರ ಹೆಸರು ಹೇಳಿದೆ.

ಇಷ್ಟನ್ನು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಹಿಡಿದವು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದೂ ಬರುತ್ತದೆ — ಬರಲೇಬೇಕು. ಆಣೆಯ ವಿಷಯ ಊರಿಗೆಲ್ಲ ಗೊತ್ತು, ಮೋಸ ನನಗೊಬ್ಬನಿಗೇ ಗೊತ್ತು. ಅದಕ್ಕೇ ನಿನ್ನ ಜೊತೆಗೆ ಬೇರೆಯವರೂ ಓದಲಿ ಎಂದು ನಿನಗೆ ಗೊತ್ತಿದ್ದದ್ದನ್ನೂ ಬಿಡಿಸಿ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡ.

ಎಂಬತ್ತರ ದಶಕದಲ್ಲಿ ಹಾರೂಗೇರಿ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಸುತ್ತಲಿನ ಹಳ್ಳಿಗಳಿಗೆಲ್ಲ ನಾನೊಬ್ಬನೇ ನಾಸ್ತಿಕ. ಹುದ್ದೆ ಖಾಲಿಯಿತ್ತು, ತುಂಬಿದೆ. ಆಕಾಶದಿಂದ ಬರುವ ಮಾತೆಲ್ಲ ಯಾವುದೋ ಒಂದು ಸ್ಟೇಷನ್ನಿನಿಂದಲೇ ಬರುತ್ತದೆ ಎಂದು ಗಿರಾಕಿಗಳಿಗೆ ಗಂಭೀರವಾಗಿ ಬೋಧಿಸುತ್ತಿದ್ದೆ. ನಮ್ಮದು ಜೈನರ ಮನೆ, ಸೂರ್ಯ ಮುಳುಗುವ ಮೊದಲೇ ಎಲ್ಲರೂ ಉಂಡು ಏಳುತ್ತಿದ್ದರು. ನಾನು ಸಿದ್ಧಾಂತದ ಸಲುವಾಗಿ ಕತ್ತಲಾಗುವತನಕ ಹಸಿದು ಕೂತಿರುತ್ತಿದ್ದೆ. ಹೊಟ್ಟೆ ಚುರುಗುಟ್ಟಿದರೂ ಮೂಢನಂಬಿಕೆಗೆ ಮಣಿಯಲಿಲ್ಲವೆಂಬ ತೃಪ್ತಿ. ಮುಚ್ಚಿಟ್ಟ ರೊಟ್ಟಿ ತಂದು ಮುಂದಿಡುತ್ತ ಪದ್ಮವ್ವ ಒಮ್ಮೆ ಅಂದಳು:

"ದೇವ್ರನ್ನ ನಂಬಾವ್ರು ಹೊಟ್ಟಿ ತುಂಬ ಉಂಡು ಮಲಗ್ಯಾರ. ನಂಬದಾವ್ರು ಉಪವಾಸ ಮಾಡಾಕತ್ತಾರ."

ನಾನು ರೊಟ್ಟಿ ಮುರಿದೆ.

ಮಂಡಲ ಪಂಚಾಯತಿಗೆ ಚುನಾವಣೆ ಬಂತು. ನನ್ನ ಗೆಳೆಯ ಭೀಮಗೌಡ ನಿಂತ. ಅವನಲ್ಲಿ ಜೀಪಿತ್ತು, ನನ್ನಲ್ಲಿ ಬುದ್ಧಿಯಿತ್ತು — ಹಾಗೆಂದು ಇಬ್ಬರೂ ನಂಬಿದ್ದೆವು. ಕುರುಬರ ಹಟ್ಟಿಯ ಮತ ಯಾರಿಗೋ ಗೆಲುವು ಅವರಿಗೆ. ಹಟ್ಟಿ ನಿಲ್ಲುವುದು ನಿನ್ನ ಅಣ್ಣ ಮಾಳಪ್ಪನ ಮಾತಿನ ಮೇಲೆ, ಮಾಳಪ್ಪನ ಮಾತು ನಿಲ್ಲುವುದು ಭಂಡಾರದ ಮೇಲೆ. ಬೀರದೇವರ ಗುಡಿಯ ಅರಿಶಿಣದ ಪುಡಿಯೇ ಭಂಡಾರ. ಅದನ್ನು ಎತ್ತಿ ಹಣೆಗೆ ಹಚ್ಚಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಆಡಿದ ಮಾತನ್ನು ನಮ್ಮ ಕಡೆಯ ಕುರುಬರು ಮುರಿಯುವುದಿಲ್ಲ. ಕೋರ್ಟಿನ ಕಟಕಟೆಯಲ್ಲಿ ನಿಂತು ಲೀಲಾಜಾಲವಾಗಿ ಸುಳ್ಳು ಹೇಳಿ ಬಂದವರೂ ಭಂಡಾರದ ಮುಂದೆ ಬಾಯಿ ತೆರೆಯುವ ಮೊದಲು ಉಗುಳು ನುಂಗುತ್ತಾರೆ.

ಗುಡಿಯಿಂದಲೇ ತರಬಹುದಿತ್ತು. ಆದರೆ ಗುಡಿಯ ಪೂಜಾರಿ ನಿಮ್ಮ ಸೋದರಮಾವ, ಯಾತಕ್ಕೆಂದು ಕೇಳುತ್ತಿದ್ದ. ಮೇಲಾಗಿ ಅಲ್ಲಿಯದೂ ಅದೇ ಗಡ್ಡೆ, ಇಲ್ಲಿಯದೂ ಅದೇ ಗಡ್ಡೆ — ನನ್ನ ವಿಜ್ಞಾನ ಅಷ್ಟಕ್ಕೇ ನಿಂತಿತ್ತು.

ಆಗ ಮಾಳಪ್ಪ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗುಂಟ ತಿಂಗಳುಗಟ್ಟಲೆ ತಿರುಗಿ ಬಂದಿದ್ದ. ಗೊಬ್ಬರಕ್ಕೆಂದು ನಮ್ಮ ಹೊಲದಲ್ಲೇ ಕುರಿ ನಿಲ್ಲಿಸಿದ್ದ, ಇನ್ನೂ ಹಟ್ಟಿಯ ಮುಖ ನೋಡಿರಲಿಲ್ಲ. ಇಳಿಹೊತ್ತಿನಲ್ಲಿ ಹೋದೆ. ಭೀಮಗೌಡ ಗೆದ್ದರೆ ಹಟ್ಟಿಗೆ ನೀರಿನ ನಳ ಬರುತ್ತದೆ, ಹೆಣ್ಣುಮಕ್ಕಳು ಕಾಲುವೆಗೆ ಅಲೆಯುವುದು ತಪ್ಪುತ್ತದೆ ಎಂದೆ. ಅವನಿಗೆ ಒಪ್ಪಿಗೆಯಾಯಿತು. ಊರಲ್ಲಿ ಬೇರೆ ಯಾರು ನಿಂತಿದ್ದಾರೆಂದು ಕೇಳಿದ. ಹೇಳಿಕೊಳ್ಳುವಂಥವರು ಯಾರೂ ಇಲ್ಲ ಎಂದೆ. ಪುಡಿಕೆ ಬಿಚ್ಚಿದೆ.

ಅವನು ಕಾಲ್ಮರಿ ಕಳೆದು ಬರಿಗಾಲಾದ. ಹೆಗಲ ಕಂಬಳಿಯನ್ನು ನೆಲಕ್ಕೆ ಹಾಸಿ, ಗುಡಿಯ ದಿಕ್ಕಿಗೆ ಮುಖ ಮಾಡಿ ನಿಂತ. ಕುರಿಗಳು ಸಹ ಒಂದು ಗಳಿಗೆ ಸುಮ್ಮನಾದವು — ಅಥವಾ ನನಗೆ ಹಾಗನ್ನಿಸಿತು. ನಾಸ್ತಿಕರಿಗೂ ಕಿವಿ ಮೋಸ ಮಾಡುತ್ತದೆ.

"ನನ್ನ ಮತ, ನನ್ನ ಮಾತು ಭೀಮಗೌಡ್ರಿಗೆ. ತಪ್ಪಿದ್ರ ಈ ಕುರಿ ನಂದಲ್ಲ."

ನಾನು ಸೈಕಲ್ಲು ಹತ್ತಿ ಶೀಟಿ ಹಾಕುತ್ತ ಮನೆಗೆ ಬಂದೆ.

ಮರುದಿನ ನೀನು ನಾಮಪತ್ರ ಸಲ್ಲಿಸಿದೆ. ಹಟ್ಟಿಯಿಂದ ಮೆಟ್ರಿಕ್ ಪಾಸಾದವನು ನೀನೊಬ್ಬನೇ. ನಳ ತರಲು ಯಾವ ಗೌಡನ ಹಂಗೂ ಬೇಡ ಎಂದು ನಿಂತಿದ್ದೆ. ಆ ಸಂಜೆ ಮಾಳಪ್ಪ ನಿಮ್ಮ ಅಂಗಳದಲ್ಲಿ ಎಲ್ಲರೆದುರು ಹೇಳಿದ್ದನ್ನು ಅಲ್ಲಿದ್ದವರಿಂದ ಕೇಳಿದೆ. "ತಮ್ಮಾ, ನಾ ಭಂಡಾರ ಎತ್ತೇನಿ. ಮತ ಭೀಮಗೌಡ್ರಿಗೆ, ಹರಕಿ ನಿನಗ. ನೀ ಆರಿಸಿ ಬಂದ್ರ ಬೀರದೇವ್ರಿಗೆ ಕಂಬಳಿ ಹೊಚ್ತೇನಿ." ಊರೆಲ್ಲ ನಕ್ಕಿತು. ನನ್ನ ಅಂಗಡಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಮತದಾನದ ದಿನ ಭೀಮಗೌಡನ ಏಜೆಂಟನಾಗಿ ಶಾಲೆಯೊಳಗೆ ಕೂತಿದ್ದೆ. ಮಾಳಪ್ಪ ಬರಿಗಾಲಲ್ಲಿ, ಹಣೆಗೆ ಭಂಡಾರ ಹಚ್ಚಿಕೊಂಡು ಬಂದ. ಮತಚೀಟಿ, ಒತ್ತುವ ಶಿಕ್ಕಾ ತೆಗೆದುಕೊಂಡು ಗೋಣಿತಟ್ಟಿನ ಮರೆಗೆ ಹೋದ. ಬಹಳ ಹೊತ್ತು ಬರಲಿಲ್ಲ. ಆಗ ನನಗೆ ಹೊಳೆಯಿತು — ಅಲ್ಲಿ ಯಾರೂ ಇಲ್ಲ! ಒಡಹುಟ್ಟಿದವನ ಗುರುತಿನ ಮೇಲೆ ಒತ್ತಿ ಬಂದರೆ ಯಾವ ಗೌಡನಿಗೂ ತಿಳಿಯುವುದಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಒತ್ತುತ್ತಿದ್ದೆ. ಒತ್ತಿ ಹೊರಗೆ ಬಂದು ಭೀಮಗೌಡನಿಗೆ ಜೈ ಎನ್ನುತ್ತಿದ್ದೆ.

ಹೊರಗೆ ಬಂದಾಗ ಅವನ ಮುಖ ನೋಡಿದೆ. ತಮ್ಮನಿಗೆ ಒತ್ತಿರಲಿಲ್ಲ. ಅದನ್ನು ತಿಳಿಯಲು ಚೀಟಿ ಬಿಚ್ಚಿ ನೋಡಬೇಕಾಗಿರಲಿಲ್ಲ. ನನ್ನ ಮುಂದೆ ಒಂದು ಕ್ಷಣ ನಿಂತು "ಮಾತು ಮುಗೀತ್ರಿ, ಅಣ್ಣಾರ" ಅಂದ. ಹೋಗಿ ಕಿಟಕಿಯಾಚೆಯ ಬೇವಿನ ಗಿಡದ ಕೆಳಗೆ ಕೂತು, ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಅತ್ತ. ಯಾರೂ ನೋಡದ ತಟ್ಟಿನ ಮರೆಯಲ್ಲಿ ಒಬ್ಬ ಮನುಷ್ಯ ತನ್ನ ಮಾತಿನ ಜೊತೆ ಅಷ್ಟು ಹೊತ್ತು ನಿಂತಿದ್ದ — ಪಲ್ಯದ ಅರಿಶಿಣದ ಮೇಲೆ! ದೇವರಿದ್ದಾನೆಂದು ಆಗಲೂ ನನಗನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಅಂದು ನಾನು ಏನನ್ನೋ ಕಂಡೆ. ಅದಕ್ಕೆ ಏನು ಹೆಸರಿಡಬೇಕೋ... ಎದ್ದು ನಿಂತೆ ಅಷ್ಟೇ. ಪಕ್ಕದ ಏಜೆಂಟ, ನೀರಿಗೇನ್ರಿ ಎಂದು ಕೇಳಿದ. ಹೌದೆಂದೆ.

ಹಟ್ಟಿ ನಿನ್ನ ಅಣ್ಣನ ಹಿಂದೆ ಹೋಯಿತು. ನೀನು ಸ್ವಲ್ಪದರಲ್ಲಿ ಸೋತೆ. ಭೀಮಗೌಡನ ಕಾಲಕ್ಕೆ ನಳ ಬರಲಿಲ್ಲ; ಕೇಳಲು ನನಗೂ ಬಾಯಿರಲಿಲ್ಲ. ನೀನು ನಿಪ್ಪಾಣಿಗೆ ಹೋಗಿ ತಂಬಾಕು ಕೂಡಿಡುವ ವಖಾರಿಯಲ್ಲಿ ಹಮಾಲಿಗೆ ನಿಂತೆ, ಮತ್ತೆ ಯಾವ ಚುನಾವಣೆಯ ಹೆಸರನ್ನೂ ಎತ್ತಲಿಲ್ಲ. ಆದರೂ ಅಣ್ಣನ ಮೇಲೆ ಒಂದು ದಿನವೂ ಮುನಿಯಲಿಲ್ಲ. ದೇವರ ಮಾತು, ಅಣ್ಣ ಏನು ಮಾಡುತ್ತಾನೆ ಎಂದೆಯಂತೆ.

ತೊಂಬತ್ತರ ದಶಕ ಬಂತು. ಬಂದ ಬಂದ ಪಕ್ಷದವರೆಲ್ಲ ಹಣೆಗೆ ಏನಾದರೊಂದು ಹಚ್ಚಿಕೊಂಡೇ ಜೀಪಿನಿಂದ ಇಳಿಯತೊಡಗಿದರು — ಕುಂಕುಮ, ವಿಭೂತಿ, ಗಂಧ, ಭಂಡಾರ, ಊರು ನೋಡಿ ಬಣ್ಣ. ಮೈಕಿನಲ್ಲಿ ಮೊದಲು ದೇವರಿಗೆ ಜೈ, ಆಮೇಲೆ ಅಭ್ಯರ್ಥಿಗೆ. ಧರ್ಮವನ್ನು ರಾಜಕೀಯಕ್ಕೆ ಎಳೆದು ತಂದವರು ಯಾರು ಎಂದು ಗೆಳೆಯರು ನನ್ನ ಅಂಗಡಿಯಲ್ಲಿ ಕೂತು ಚರ್ಚಿಸುವಾಗ ನಾನು ಕೆಟ್ಟ ರೇಡಿಯೋದೊಳಗೆ ತಲೆ ಹಾಕಿಕೊಂಡಿರುತ್ತಿದ್ದೆ. ದಿಲ್ಲಿಯ ವಿಷಯ ನಾನರಿಯೆ. ನಮ್ಮೂರಿನ ಮಟ್ಟಿಗೆ ಆ ಗೌರವ ನನ್ನದು. ಅದನ್ನು ತಂದವರು ನಂಬುವವರಲ್ಲ, ನಂಬದವನು.

ಕೊನೆಗೆ ತಡೆಯಲಾಗದೆ ಒಂದು ದಿನ ಹಟ್ಟಿಗೆ ಹೋಗಿ ಮಾಳಪ್ಪನಿಗೆ ಅರಿಶಿಣದ ವಿಷಯ ಹೇಳಿದೆ. ಅವನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಉಣ್ಣೆ ಹಿಂಜುತ್ತಲೇ ಇದ್ದ. ಬೈಯಲಿ ಎಂದು ಕಾದೆ.

"ಅಕ್ಕಾರು ಕುಟ್ಟಿದ್ದೇನ್ರಿ?"

ಹೌದೆಂದೆ.

"ಹಂಗಾದ್ರ ಛಲೋದ ಇತ್ತು ಬಿಡ್ರಿ."

ಅಂದು ನಕ್ಕ, ಆಮೇಲೆ ಕೈ ನಿಲ್ಲಿಸಿದ. "ಲಕ್ಕಗ ಹೇಳಬ್ಯಾಡ್ರಿ. ದೇವ್ರು ಅಂತ ಅಂವ ತಡಕೊಂಡಾನ. ಪಲ್ಯದ ಅರಿಶಿಣ ಅಂದ್ರ ಹೆಂಗ ತಡಕೋತಾನ?" ಸೊಂಟದ ಚೀಲದಿಂದ ಭಂಡಾರ ತೆಗೆದು ಅಂಗೈ ಚಾಚಿದ. "ಎತ್ರಿ. ನಾ ಇರೂತನ ಹೇಳೂದಿಲ್ಲ ಅನ್ರಿ."

ಅದೇ ಗಡ್ಡೆ, ಅದೇ ಪುಡಿ. ಆದರೂ ಚಪ್ಪಲಿ ಕಳೆದೆ. ಎತ್ತಿದೆ. ಅಂದೆ. ಮತ್ತು, ಆಶ್ಚರ್ಯವೆಂದರೆ, ಪಾಲಿಸಿದೆ.

ಆದರೆ ಅಂದೂ ಅರ್ಧವನ್ನೇ ಹೇಳಿದ್ದೆ. ಉಳಿದರ್ಧ ಇಲ್ಲಿದೆ. ಭಂಡಾರ ಎತ್ತಿಸುವ ಹಿಂದಿನ ದಿನ, ನೀನು ನಿಲ್ಲುವವನಿದ್ದೀ ಎಂಬ ಸುದ್ದಿಯನ್ನು ನಾನು ಚಹಾದಂಗಡಿಯಲ್ಲಿ ಕೇಳಿದ್ದೆ. ಕೇಳಿಯೇ ಹೋಗಿದ್ದೆ. ನಿನ್ನ ಅಣ್ಣ ಹಟ್ಟಿಗೆ ಬಂದು ನಿನ್ನ ಮುಖ ನೋಡುವ ಮೊದಲೇ ಅವನ ಮಾತನ್ನು ಕಟ್ಟಿಹಾಕಬೇಕೆಂದು ಹೋಗಿದ್ದೆ. ಅರಿಶಿಣ ಯಾವ ಮನೆಯದು ಎಂಬುದು ಸಣ್ಣ ಸುಳ್ಳು. ದೊಡ್ಡದು ಇದು. ಇದನ್ನು ಅವನಿಗೆ ಹೇಳಲಿಲ್ಲ — ಹೇಳಿದ್ದರೆ ಅವನು ನಗುತ್ತಿರಲಿಲ್ಲ ಎಂದು ಗೊತ್ತಿತ್ತು.

ಹೋದ ತಿಂಗಳು ಅವನನ್ನು ಮಣ್ಣು ಮಾಡುವಾಗ ನೀನೇ ನನ್ನ ಬೊಗಸೆಗೆ ಭಂಡಾರ ಸುರಿದೆ. "ಹಾಕ್ರಿ ಅಣ್ಣಾರ, ನಿಮ್ಮ ಮ್ಯಾಲ ಅಣ್ಣಗ ಭಾಳ ಜೀವ ಇತ್ತು." ಹಾಕಿದೆ. ಮನೆಗೆ ಬಂದು ಕೈ ತೊಳೆದರೂ ಹಳದಿ ಉಗುರ ಸಂದಿಯಲ್ಲಿ ಉಳಿದಿತ್ತು. ಪದ್ಮವ್ವ ನೋಡಿ, ಇನ್ನೊಂದು ತಂಬಿಗೆ ನೀರು ತಂದಿಟ್ಟಳು.

ಅವನು ಇರುವತನಕ ಎಂಬ ಮಾತು ಮುಗಿಯಿತು. ನಾಳೆ ಮುಂಜಾನೆಯ ಬಸ್ಸಿಗೆ ನಿಪ್ಪಾಣಿಗೆ ಬರುತ್ತೇನೆ. ಊರು ಆಮೇಲೆ ಓದಲಿ. ಮೊದಲು ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಕೊಟ್ಟು ಹೊರಳುವುದಿಲ್ಲ, ನೀನು ಓದಿ ಮುಗಿಸುವತನಕ ವಖಾರಿಯ ಬಾಗಿಲಲ್ಲಿ ನಿಂತಿರುತ್ತೇನೆ. ಇದೆಲ್ಲ ನಿಜ ಎನ್ನುವುದಕ್ಕೆ ನನ್ನ ಕೈಯಲ್ಲಿ ಭಂಡಾರ ಇರುವುದಿಲ್ಲ. ಬರೀ ನನ್ನ ಮಾತು. ಅದಕ್ಕೆ ಎಷ್ಟು ಬೆಲೆ ಎಂಬುದನ್ನು, ಲಕ್ಕಪ್ಪ, ನೀನೇ ಹೇಳಬೇಕು.