ಅರಿಶಿನ ಹಚ್ಚುವ ಕೈ

ಧಾರವಾಡದ ಬಿಂದುಮಾಧವ ಪುಣೆ ಕ್ಯಾಂಪಿನ ವಿಮಾ ಕಚೇರಿಯಲ್ಲಿ ಗುಮಾಸ್ತನಾದ ಹೊಸತು. ಮುಖ ನೋಡಿಯೇ ಮನುಷ್ಯರನ್ನು ಅಳೆಯಬಲ್ಲೆನೆಂಬ ನಂಬಿಕೆ ಅವನಿಗೆ. ಸ್ವಂತ ಅಂಗಿಯ ಅಳತೆಗೆ ಮಾತ್ರ ದರ್ಜಿಯನ್ನೇ ಕೇಳಬೇಕಿತ್ತು. ಅವನಿದ್ದ ಚಾಳಿನಲ್ಲಿ ಎದುರು ಕೋಣೆಯ ಜಟ್ಟೆಪ್ಪ ಎಷ್ಟೋ ಬೆಳಿಗ್ಗೆ ಹೊಸ್ತಿಲಲ್ಲಿ ಕೂತು, ಬಿಸಿ ಎಣ್ಣೆಗೆ ಅರಿಶಿನ ಕಲಸಿ, ಎಂಟು ವರ್ಷದ ಮಗಳು ಹುಲಿಗೆವ್ವನ ಕಾಲಿಗೆ ಹಚ್ಚುತ್ತಿದ್ದ. ತಾಯಿ ಸತ್ತ ಮಗು, ಗಾರೆ ಕಲಸಿ ಒರಟಾದ ಕೈ, ಆದರೂ ಎಂಥ ಮೃದು! ಬಿಂದುಮಾಧವ ಇದನ್ನು ಕಚೇರಿಯಲ್ಲಿ ಹೇಳಿದ, ಖಾನಾವಳಿಯಲ್ಲಿ ಹೇಳಿದ. ಊರಿಗೆ ಹೋದಾಗ ಸ್ವಂತ ಅಪ್ಪನಿಗೂ, "ಅಲ್ಲೊಬ್ಬ ತಂದಿ ಇದ್ದಾನ, ನೋಡಿ ಕಲೀಬೇಕು" ಎಂದು ಹೇಳಿ ಬೈಸಿಕೊಂಡು ಬಂದ.

ಎಣ್ಣೆ ಹಚ್ಚುವ ಹಿಂದಿನ ಸಂಜೆ ಆ ಕಾಲಿಗೆ ಬಡಿಯುತ್ತಿದ್ದವನೂ ಜಟ್ಟೆಪ್ಪನೇ ಎಂಬುದು ಚಾಳಿನವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು, ಆ ಹೊತ್ತಿಗೆ ಖಾನಾವಳಿಯಲ್ಲಿ ಕೂತು ಅವನನ್ನು ಹೊಗಳುತ್ತಿದ್ದ ಬಿಂದುಮಾಧವ ಒಬ್ಬನೇ.

ಜಟ್ಟೆಪ್ಪ ಸುರಪುರದ ಕಡೆಯವನು. ಕಟ್ಟಡದ ಕೆಲಸದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಕೆಲಸ ಮಾಡಿಸುವ ಮುಕಾದಮನಿರಲಿ, ಮರಾಠಿ ಕೂಲಿಗಳಿರಲಿ, ಕನ್ನಡದವನೆಂಬ ಅರ್ಥದಲ್ಲಿ "ಏ ಕಾನಡಿ" ಎಂದು ಯಾರು ಕೂಗಿದರೂ "ಬಂದೆ" ಎಂದು ಓಡುತ್ತಿದ್ದ. ಎದುರು ಮಾತಾಡಿದ್ದನ್ನು ಕಂಡವರಿಲ್ಲ.

೧೯೭೮ರ ದೀಪಾವಳಿಗೆ ಮುಂಚೆ ಏಟು ಬಿದ್ದು ಹುಡುಗಿಯ ಮುಂಗೈ ಊದಿತು. ನಳದ ಪಕ್ಕದ ಮನೆಯ ಕೃಷ್ಣಾಬಾಯಿ ಅವಳನ್ನು ತನ್ನಲ್ಲೇ ಇಟ್ಟುಕೊಂಡಳು; ಬಿಂದುಮಾಧವನಿಗೂ ಆಗಲೇ ವಿಷಯ ತಿಳಿದದ್ದು. ಭಾನುವಾರ ಜಟ್ಟೆಪ್ಪ ಮಗಳನ್ನು ಕರೆದೊಯ್ಯಲು ಬಂದು ಅಂಗಳದಲ್ಲಿ ನಿಂತ; ರಜೆಯಿದ್ದ ಬಿಂದುಮಾಧವನೂ ಅಲ್ಲಿದ್ದ.

"ಮೊದ್ಲ ಯಾಕ ಬಡೀತಿ ಹೇಳು, ಆಮ್ಯಾಲ ಪೋರಿ" ಎಂದಳು ಕೃಷ್ಣಾಬಾಯಿ. "ಬಿಂದೂ, ನೀ ಶಾಣ್ಯಾ ಇದ್ದಿ, ಕೇಳಪಾ."

ಜಾಣ ಎಂದದ್ದೇ ಸಾಕಾಯಿತು. ವಾರಪತ್ರಿಕೆಯೊಂದರಲ್ಲಿ ಓದಿದ್ದ ಕಾರಣಗಳನ್ನು ಬಿಂದುಮಾಧವ ಒಂದೊಂದಾಗಿ ಹೊರತೆಗೆದ.

"ಕುಡೀತೀಯೇನು?"

"ಇಲ್ರಿ. ವಾಸನಿಗೇ ವಾಂತಿ ಬರ್ತದ."

"ಮುಕಾದಮ ಬೈದ ಸಿಟ್ಟು ಮನ್ಯಾಗ ತೀರಿಸ್ಕೋತೀ?"

"ಬೈದ ದಿನಾನೂ ಬಡದೀನ್ರಿ. ಚಾ ಕುಡಿಸಿದ ದಿನಾನೂ ಬಡದೀನಿ."

"ನಿಮ್ಮಪ್ಪ ಬಡೀತಿದ್ನೇನು?"

ಜಟ್ಟೆಪ್ಪ ನಕ್ಕ. "ಬಡೀಲಾರದ ಅಪ್ಪ ಇರ್ತಾನಂತ ನನಗ ಗೊತ್ತೇ ಇದ್ದಿಲ್ರಿ. ಅಕಿ ಒಂದು ಮಾತು ಕೇಳಲಿಲ್ಲಂದ್ರ, ಇಕಿನೂ ನನ್ನ ಮನಷ್ಯಾ ಅಂತ ತಿಳಿಯಂಗಿಲ್ಲಲ್ಲ ಅನಸ್ತದ. ಆಮ್ಯಾಲ ನೋಡಿದ್ರ ಕೈ ಬಿದ್ದಿರ್ತದ. ಬೆಳಿಗ್ಗೆ ಅಕಿ ಕುಂಟೂದು ನೋಡಾಕ ಆಗಂಗಿಲ್ರಿ. ಎಣ್ಣಿ ಹಚ್ಚತೀನಿ."

ವಾರಪತ್ರಿಕೆಯಲ್ಲಿ ಇದಿರಲಿಲ್ಲ. ಬಿಂದುಮಾಧವನ ವಿದ್ಯೆ ಅಲ್ಲಿಗೆ ಮುಗಿಯಿತು.

ಹುಲಿಗೆವ್ವ ಕೃಷ್ಣಾಬಾಯಿಯ ಸೆರಗು ಹಿಡಿದು ನಿಂತಿದ್ದಳು. ಒಂದು ಕಾಲು ಆಗಲೇ ಹೊಸ್ತಿಲಿನಾಚೆ, ಅಪ್ಪನ ಕಡೆಗಿತ್ತು.

"ಇವತ್ತ ಕಳಿಸ್ತೀನಿ ಅನ್ಕೋ" ಎಂದಳು ಕೃಷ್ಣಾಬಾಯಿ. "ಮತ್ತ ಕೈ ಎತ್ತತೀಯೋ ಇಲ್ಲೋ? ಖರೇ ಹೇಳು."

ಇನ್ನೇನು ದೇವರ ಆಣೆ ಮಾಡುತ್ತಾನೆ, ಕಾಲು ಹಿಡಿಯುತ್ತಾನೆ ಎಂದುಕೊಂಡ ಬಿಂದುಮಾಧವ.

ಜಟ್ಟೆಪ್ಪ ಮಗಳನ್ನು ನೋಡಿದ.

"ಎತ್ತತೀನ್ರಿ" ಎಂದ. "ಇಲ್ಲೇ ಇಟ್ಕೋರಿ."